ಊರಗಾಡಿಯ ಅರ್ಥ

ನಮ್ಮೂರಿನಲ್ಲಿ ಮನುಷ್ಯರ ಮಾತು ಹನ್ನೆರಡು ಹೆಜ್ಜೆ ಹೋಗಿ ಬಿದ್ದುಹೋಗುತ್ತದೆ. ಹದಿಮೂರನೇ ಹೆಜ್ಜೆಯಲ್ಲಿ ನಿಂತವರಿಗೆ ನೀವು ಗಂಟಲು ಹರಿದುಕೊಂಡು ಕೂಗಿದರೂ ಬಾಯಿ ಆಡುವುದಷ್ಟೇ ಕಾಣುತ್ತದೆ. ಇದರಿಂದ ನಮಗೇನೂ ಅಂಥ ತೊಂದರೆಯಾಗಿಲ್ಲ. ಯಾರನ್ನಾದರೂ ಬೈಯಬೇಕೆನಿಸಿದವರು ಹದಿಮೂರು ಹೆಜ್ಜೆ ಎಣಿಸಿಕೊಂಡು ಹೋಗಿ, ತಿರುಗಿ ನಿಂತು, ಮನಸ್ಸು ತಣಿಯುವಷ್ಟು ಬೈದು, ವಾಪಸು ಬಂದು ಅವರ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ. ನಮ್ಮೂರಲ್ಲಿ ಮನೆಗಳು ಒಡೆಯದೆ ಉಳಿದಿರುವುದಕ್ಕೆ ಹಿರಿಯರ ಸಂಸ್ಕಾರ ಕಾರಣವೆಂದು ಶಾಲೆಯ ಪುಸ್ತಕದಲ್ಲಿ ಬರೆದಿದ್ದಾರೆ. ನನ್ನನ್ನು ಕೇಳಿದರೆ ಉದ್ದನೆಯ ಹಿತ್ತಿಲು ಕಾರಣ.

ನಮ್ಮ ಹಿತ್ತಿಲಲ್ಲಿ ಒಂದು ನುಗ್ಗೆಮರವಿದೆ. ಅಡುಗೆಮನೆಯ ಹೊಸಿಲಿನಿಂದ ಅದರ ಬುಡಕ್ಕೆ ಸರಿಯಾಗಿ ಹದಿಮೂರು ಹೆಜ್ಜೆ. ನನ್ನ ಅತ್ತೆ ದ್ಯಾವಮ್ಮನವರು ದಿನಕ್ಕೆರಡು ಸಲ ಅಲ್ಲಿ ಹೋಗಿ ನಿಂತು, ಸೆರಗು ಸಿಕ್ಕಿಸಿಕೊಂಡು, ನನ್ನ ಕಡೆ ಮುಖ ಮಾಡಿ ಬಾಯಾಡಿಸುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದ ದಿನ ಮೂರು ಸಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅಳು ಬರುತ್ತಿತ್ತು. ಈಗ ಇಪ್ಪತ್ತಾರು ವರ್ಷವಾಯಿತು. ಅವರು ಅತ್ತ ಹೋದರೆ ನಾನು ಇತ್ತ ತಟ್ಟೆ ಹಾಕುತ್ತೇನೆ, ಬರುವಷ್ಟರಲ್ಲಿ ಮುದ್ದೆ ಆರಬಾರದು ನೋಡಿ.

ದೂರಕ್ಕೆ ಮಾತು ಮುಟ್ಟಿಸಬೇಕಾದವರು ನನ್ನ ಅಂಗಡಿಗೆ ಬರುತ್ತಾರೆ. ಬೋರ್ಡಿನ ಮೇಲೆ 'ಸಾಕಮ್ಮ ಸೌಂಡ್ಸ್' ಎಂದಿದೆ. ಕಾರಿಗೆ ಆಂಪ್ಲಿಫೈಯರ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕಸುಬು. ನನ್ನ ಗಂಡ ಚೆಲುವರಾಜು ಕಲಿಸಿ ಹೋದ ವಿದ್ಯೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಕಾರಿಲ್ಲದವರೂ ನಮ್ಮೂರಲ್ಲಿ ಕಾರಿನ ಆಂಪ್ಲಿಫೈಯರ್ ಇಟ್ಟುಕೊಂಡಿದ್ದಾರೆ. ಸೊಪ್ಪು ಮಾರುವವಳ ತಳ್ಳುಗಾಡಿಯಲ್ಲಿ ಕೊತ್ತಂಬರಿಯ ಕೆಳಗೆ ಬ್ಯಾಟರಿ ಇರುತ್ತದೆ. ಹೆಣ್ಣಿನ ಕಡೆಯವರು ಹುಡುಗನ ಕುಲಗೋತ್ರ ಕೇಳುವ ಮೊದಲು "ಎಷ್ಟು ವ್ಯಾಟು?" ಎಂದು ಕೇಳುತ್ತಾರೆ. ಇನ್ನೂರು ವ್ಯಾಟಿನ ಕೆಳಗಿನವನಿಗೆ ಹೆಣ್ಣು ಸಿಗುವುದು ಕಷ್ಟ.

ಇವೆಲ್ಲಕ್ಕೂ ಮೇಲೆ ಪುರಸಭೆಯ ಕಾರು, ಅಂದರೆ ಊರಗಾಡಿ. ತಲೆಯ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಹಾರ್ನು, ಹಿಂದಿನ ಸೀಟಿನ ಕೆಳಗೆ ಸಾವಿರ ವ್ಯಾಟಿನ ಆಂಪ್ಲಿಫೈಯರ್. ಊರಗಾಡಿ ನುಡಿದದ್ದು ಕಾನೂನು. ಅದು ನುಡಿಯದ್ದು ಬರಿಯ ಮಾತು. ಯಾರ ಬಾಯಿಂದ ನುಡಿಯಬೇಕು ಎಂಬುದನ್ನು ಬರೆದಿಡಲು ಹಿರಿಯರು ಮರೆತಿದ್ದರು. ಹಿಂದೊಮ್ಮೆ ಡ್ರೈವರ್ ಬಾಷಾ ಮೈಕ್ ಆರಿಸಲು ಮರೆತು "ಹೊಟ್ಟೆ ಹಸೀತಿದೆ, ಊಟಕ್ಕೆ ಹೋಗೋಣ ಬನ್ನಿ" ಎಂದಿದ್ದ. ಆಗ ಗಂಟೆ ಹನ್ನೊಂದೂವರೆ. ಅಂದಿನಿಂದ ಪುರಸಭೆ ಹನ್ನೊಂದೂವರೆಗೇ ಊಟಕ್ಕೆ ಏಳುತ್ತದೆ. ಇನ್ನೆರಡು ಕಟ್ಟಳೆಗಳಿವೆ. ಘೋಷಣೆ ನಡುವೆ ನಿಂತರೆ ಅದು ಆಗಿಯೇ ಇಲ್ಲ, ಮತ್ತೆ ಮುಂದಿನ ವರ್ಷ. ಹಾಗೆಂದು ಯಾರೂ ಕೈಯಾರೆ ನಿಲ್ಲಿಸುವಂತಿಲ್ಲ. ಗಾಡಿ ತಾನಾಗಿ ನಿಂತರೆ ಅದು ದೈವೇಚ್ಛೆ.

ಈ ದೈವೇಚ್ಛೆಯೇ ನಮ್ಮ ಕುಲುಮೆ ಬೀದಿಯ ಕುತ್ತಿಗೆಗೆ ಸುತ್ತಿಕೊಂಡಿತ್ತು. ನಮ್ಮ ಬೀದಿಯಲ್ಲಿ ಇಪ್ಪತ್ತಮೂರು ಮನೆ. ಹಕ್ಕುಪತ್ರ ಕೊಡಲು ಪುರಸಭೆ ಒಪ್ಪಿ ಎಂಟು ವರ್ಷವಾಗಿತ್ತು. ಪ್ರತಿ ವರ್ಷ ಘೋಷಣೆಯ ದಿನ ಅಧ್ಯಕ್ಷರು ಊರಗಾಡಿಯಲ್ಲಿ ಕೂತು ಭಾಷಣ ಮಾಡಿ, ಮನೆ ಯಜಮಾನರ ಹೆಸರು ಓದಲು ಶುರು ಮಾಡುತ್ತಿದ್ದರು. ಹೆಸರಿಗೆ ಬಂದಾಗ ದನಿ ಏರಿಸುವುದು ಎಲ್ಲ ಅಧ್ಯಕ್ಷರ ಪದ್ಧತಿ. ಒಂದು, ಎರಡು, ಮೂರು ಎಂದು ಆರನೇ ಹೆಸರಿನವರೆಗೆ ದನಿ ಏರುತ್ತಿತ್ತು. ಆರು ಮುಗಿದೊಡನೆ ಆಂಪ್ಲಿಫೈಯರ್ ಕುತ್ತಿಗೆ ಹಿಸುಕಿದಂತೆ 'ಕೊಕ್' ಎಂದು ಸತ್ತುಹೋಗುತ್ತಿತ್ತು. ಎಂಟು ವರ್ಷ, ಆರು ಅಧ್ಯಕ್ಷರು, ಅದೇ ಆರು ಹೆಸರು. ಒಂಬತ್ತು ವರ್ಷ ಘೋಷಣೆಯಾಗದ ಜಾಗ ಪುರಸಭೆಗೆ ಸೇರುತ್ತದೆ. ಈ ಸಲ ಒಂಬತ್ತನೆಯದು. ನಮ್ಮ ಮನೆಗಳು ನಿಂತ ಜಾಗದಲ್ಲಿ 'ಅಧ್ಯಕ್ಷ ಗುರುಮಲ್ಲಪ್ಪ ವಿಹಾರವನ' ಮಾಡುವ ನಕ್ಷೆ ಆಗಲೇ ಪುರಸಭೆಯ ಗೋಡೆಯ ಮೇಲಿತ್ತು. ನಮ್ಮ ಅಡುಗೆಮನೆ ಇದ್ದ ಕಡೆ ಅದರಲ್ಲಿ ಜಾರುಬಂಡೆ ಬರೆದಿದ್ದರು.

ನಮ್ಮದು ಇಪ್ಪತ್ತಮೂರನೇ ಮನೆ, ಅತ್ತೆಯ ಹೆಸರಿನಲ್ಲಿ. ಅದು ಹೋದರೆ ಅತ್ತೆಗೂ ನನಗೂ ಬೇರೆ ಗತಿಯಿಲ್ಲ. ನಾನಂತೂ ಆ ಮನೆಯಲ್ಲಿದ್ದುದು ಮೊದಲು ಗಂಡನ ದೆಸೆಯಿಂದ, ಗಂಡ ಹೋದ ಮೇಲೆ ಅತ್ತೆಯ ಮರ್ಜಿಯಿಂದ. ಪ್ರತಿ ವರ್ಷ ಘೋಷಣೆಯ ದಿನ ಅತ್ತೆ ಮದುವೆಯ ಸೀರೆ ಉಟ್ಟು ಜಗಲಿಯ ಮೇಲೆ ಕೂರುತ್ತಿದ್ದರು, ಏಳನೇ ಹೆಸರು ಬರದಿದ್ದಾಗ ಎದ್ದು ಹೋಗಿ ಸೀರೆ ಮಡಿಸಿಡುತ್ತಿದ್ದರು. ಅವತ್ತು ಮಾತ್ರ ನುಗ್ಗೆಮರದ ಹತ್ತಿರ ಹೋಗುತ್ತಿರಲಿಲ್ಲ.

ಘೋಷಣೆಗೆ ಹತ್ತು ದಿನ ಇರುವಾಗ ಪುರಸಭೆಯಿಂದ ನನಗೆ ಕರೆ ಬಂತು. ವಿಹಾರವನದ ಸುದ್ದಿಯನ್ನು ಊರಿಗೆಲ್ಲ ಕೇಳುವಂತೆ ಹೇಳಬೇಕಲ್ಲ, ಅದಕ್ಕೆ ಗಾಡಿ ಸರಿಯಿರಬೇಕೆಂದು ಅಧ್ಯಕ್ಷರಿಗೆ ಹೊಳೆದಿತ್ತು. ನಾನು ಮೀಟರು, ಸ್ಪ್ಯಾನರು ಹಿಡಿದು ಹೋದೆ. ಬಾಷಾ ಗಾಡಿಯ ಪಕ್ಕ ನಿಂತಿದ್ದ. ಅವನದು ನಮ್ಮ ಬೀದಿಯಲ್ಲೇ ಒಂಬತ್ತನೇ ಮನೆ.

"ಅಕ್ಕಾ, ಫ್ಯೂಸ್ ಹೋಗಿರ್ಬೇಕು ಅಂತ ನಾನೇ ಮೂರು ಸಲ ಬದಲಾಯಿಸ್ದೆ. ಆಮೇಲೆ ಬೇಜಾರಾಗಿ ದೊಡ್ಡದು ಹಾಕ್ಬಿಟ್ಟೆ" ಎಂದ.

ತೆಗೆದು ನೋಡಿದರೆ ಫ್ಯೂಸಿನ ಜಾಗದಲ್ಲಿ ಎರಡಿಂಚಿನ ಮೊಳೆ.

"ಇದೇನೋ ಇದು?"

"ಅದೇ ಅಕ್ಕಾ, ದೊಡ್ಡದು."

ಮೊಳೆ ಕಿತ್ತು ಸರಿಯಾದ ಫ್ಯೂಸು ಹಾಕಿದೆ. ಸೀಟು ಎತ್ತಿದರೆ ಆಂಪ್ಲಿಫೈಯರ್ ಕಾಣಲೇ ಇಲ್ಲ. ಅದರ ಮೇಲೆ ಸನ್ಮಾನದ ಶಾಲುಗಳ ರಾಶಿ. ಆರು ಅಧ್ಯಕ್ಷರಿಗೆ ಹೊದಿಸಿದ್ದೆಲ್ಲ ಅಲ್ಲೇ ಇತ್ತು. ಪಾಪದ ಯಂತ್ರ ಉಸಿರಾಡುವುದಾದರೂ ಹೇಗೆ? ಬಿಸಿಗೆ ನಿಲ್ಲುತ್ತಿರಬೇಕೆಂದು ಶಾಲುಗಳನ್ನು ತೆಗೆದು, ಬಾಷಾನನ್ನು ಮೈಕಿನಲ್ಲಿ ಎಣಿಸಲು ಹೇಳಿದೆ. ಅವನು ದನಿ ಏರಿಸಿ ಎಣಿಸುತ್ತ ಹೋದ ಹಾಗೆ ಮತ್ತೆ 'ಕೊಕ್'. ಆಂಪ್ಲಿಫೈಯರನ್ನು ಎಬ್ಬಿಸುವ ಸಣ್ಣ ನೀಲಿ ವೈರು ನೋಡಿದೆ, ಗಟ್ಟಿಯಾಗಿತ್ತು. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು, ಒಳ್ಳೆಯದು. ಸುಮ್ಮನಿದ್ದಾಗ ಆಂಪ್ಲಿಫೈಯರಿಗೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಬಾಷಾ ಕೂಗಿದ ತಕ್ಷಣ ಅದು ಒಂಬತ್ತಕ್ಕೆ ಇಳಿಯುತ್ತಿತ್ತು. ಕೆಂಪು ವೈರಿನಲ್ಲಿ ದೋಷವಿರಲಿಲ್ಲ. ಕೊನೆಗೆ ಮೀಟರಿನ ಒಂದು ಕಡ್ಡಿಯನ್ನು ಆಂಪ್ಲಿಫೈಯರಿನ ಕರಿ ವೈರಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಇಟ್ಟು ಅವನನ್ನು ಕೂಗಿಸಿದೆ. ಸೊನ್ನೆ ಇರಬೇಕಾದಲ್ಲಿ ಮೂರು ವೋಲ್ಟು ತೋರಿಸಿತು.

ಅಲ್ಲಿಗೆ ಕಳ್ಳ ಸಿಕ್ಕ. ಕರೆಂಟು ಬರುವ ದಾರಿ ರಾಜಬೀದಿಯಂತಿತ್ತು, ವಾಪಸು ಹೋಗುವ ದಾರಿ ಇಲಿಬಿಲದಷ್ಟಿತ್ತು, ಮೆಲುದನಿಗೆ ಸಾಕು, ಕೂಗಿಗೆ ಸಾಲದು. ಕರಿ ವೈರನ್ನು ಗಾಡಿಯ ಮೈಗೆ ಬೋಲ್ಟು ಹಾಕಿ ಬಿಗಿದಿದ್ದರು. ಆದರೆ ಅದು ಮುಟ್ಟುತ್ತಿದ್ದುದು ಗಾಡಿಯನ್ನಲ್ಲ, ಬಣ್ಣವನ್ನು. ಒಬ್ಬೊಬ್ಬ ಅಧ್ಯಕ್ಷರು ಬಂದಾಗಲೂ ಗಾಡಿಗೆ ತಮ್ಮ ಇಷ್ಟದ ಬಣ್ಣ ಹೊಡೆಸುತ್ತಾರೆ. ಕೆಲಸ ಬಹಳ ಅಚ್ಚುಕಟ್ಟು: ಬೋಲ್ಟು ಬಿಚ್ಚಿ, ಅದರಡಿಗೂ ಬಣ್ಣ ಬಳಿದು, ಮತ್ತೆ ಬಿಗಿಯುತ್ತಾರೆ. ಏಳು ಪದರದ ಕೆಳಗೆ ಕಬ್ಬಿಣ ಎಲ್ಲೋ ಇತ್ತು. ನಾಲ್ಕಾಣೆ ಅಗಲ ಕೆರೆದರೆ ಮುಗಿಯುವ ಕೆಲಸ.

ಪುರಸಭೆಯ ಪುಸ್ತಕದಲ್ಲಿ ದೋಷ ಬರೆದು ಸಹಿ ಹಾಕದೆ ಯಾರೂ ಸ್ಪ್ಯಾನರು ಎತ್ತುವಂತಿಲ್ಲ. ಕರೆಂಟು ವಾಪಸು ಹೋಗುವ ದಾರಿಗೆ ನಾವು ರಿಪೇರಿಯವರು ಅರ್ತ್ ಅನ್ನುತ್ತೇವೆ, ಆ ಮಾತಿನಲ್ಲೇ ಬರೆದೆ: 'ಊರಗಾಡಿಗೆ ಅರ್ತ್ ಇಲ್ಲ. ಮೇಲಿನ ಬಣ್ಣ ಕೆರೆದರೆ ಅರ್ತ್ ಸಿಗುತ್ತದೆ. ಸಾಕಮ್ಮ.'

ಈ ಪುಸ್ತಕ ಹೆಡ್ ಗುಮಾಸ್ತ ಪುಟ್ಟಶಾಮಯ್ಯನವರ ಕೈಗೆ ಹೋಯಿತು. ಅವರು ತಪ್ಪು ಅಕ್ಷರ ಕಂಡರೆ ಅನ್ನ ಬಿಡುವ ಮನುಷ್ಯ. ಅಲ್ಪಪ್ರಾಣ ಮಹಾಪ್ರಾಣಗಳ ಬಗ್ಗೆ ಅವರಿಗಿರುವ ಕಾಳಜಿ ನಮ್ಮ ಪ್ರಾಣದ ಬಗ್ಗೆ ಇದ್ದಿದ್ದರೆ ಊರು ಯಾವತ್ತೋ ಉದ್ಧಾರವಾಗುತ್ತಿತ್ತು. ಅವರು ಕೆಂಪು ಶಾಯಿಯಲ್ಲಿ ಎರಡು ಕಡೆ ತಿದ್ದಿ ಅಧ್ಯಕ್ಷರ ಮುಂದಿಟ್ಟರು: 'ಊರಗಾಡಿಗೆ ಅರ್ಥ ಇಲ್ಲ. ಮೇಲಿನ ಬಣ್ಣ ಕೆರೆದರೆ ಅರ್ಥ ಸಿಗುತ್ತದೆ.'

ಮಾರನೇ ದಿನ ಅಧ್ಯಕ್ಷ ಗುರುಮಲ್ಲಪ್ಪನವರು ನನ್ನನ್ನು ಕರೆಸಿದರು. ಮುಖ ಹರಳೆಣ್ಣೆ ಕುಡಿದಂತಿತ್ತು.

"ಏನಮ್ಮಾ, ನನ್ನ ಮಾತಿಗೆ ಅರ್ಥ ಇಲ್ವಾ?"

"ಅಯ್ಯೋ ಸ್ವಾಮಿ, ಮಾತಿಗಲ್ಲ, ಗಾಡಿಗೆ."

"ಗಾಡೀಲಿ ಮಾತಾಡೋನು ಯಾರು?"

"ತಾವೇ."

"ಯಾರ ಬಣ್ಣ ಬಯಲಿಗೆ ಎಳೀಬೇಕು ಅಂತಿದ್ದೀಯ?"

"ಯಾರದ್ದೂ ಅಲ್ಲ ಸ್ವಾಮಿ. ಅದು ಅರ್ಥ ಅಲ್ಲ, ಅರ್ತ್. ಅರ್ತ್ ಅಂದ್ರೆ ಇಂಗ್ಲಿಷ್‌ನಲ್ಲಿ ಭೂಮಿ."

ಇದನ್ನು ಹೇಳಬಾರದಿತ್ತು. ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. "ಓಹೋ! ಭೂಮಿ ವಿಷಯಕ್ಕೆ ಬಂದ್ಯಾ? ಕುಲುಮೆ ಬೀದಿಯೋಳಲ್ವಾ ನೀನು? ರಿಪೇರಿ ಅಂತ ಬಂದು ಹಕ್ಕುಪತ್ರ ಕೇಳ್ತಿದ್ದೀಯ!"

ನಾನು ಎಷ್ಟು ಬಿಡಿಸಿ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಆದರೆ ಅಧ್ಯಕ್ಷರು ದಡ್ಡರಲ್ಲ. ಭಾಷಣಕ್ಕೆ ಅರ್ಥವಿಲ್ಲದ್ದಕ್ಕೇ ಗಾಡಿ ನಿಲ್ಲುತ್ತಿದೆ ಎಂದಾದರೆ ಅರ್ಥ ಹಾಕಿಸಿದರಾಯಿತಲ್ಲ ಎಂದು ಸಂಜೆಯೊಳಗೆ 'ಅರ್ಥಶೋಧನ ಸಮಿತಿ' ಮಾಡಿದರು. ನಿವೃತ್ತ ಪಂಡಿತ ತಿರುಮಲಯ್ಯನವರು ಅದರ ಮುಖ್ಯಸ್ಥರಾದರು. ಅವರು ಎಂಟು ದಿನ ಕೂತು ಭಾಷಣದ ಒಂದೊಂದು ಪದಕ್ಕೂ ಅರ್ಥ ಬರೆದರು. 'ಮಾನ್ಯ ಮಹಾಜನರೇ' ಎಂಬುದೊಂದೇ ಕಾಲು ಗಂಟೆಯಾಯಿತು. ಮಾನ್ಯರು ಯಾರು, ಮಹಾ ಎಂದರೆ ಎಷ್ಟು, ಜನರೆಂದು ಯಾರನ್ನು ಕರೆಯಬಹುದು ಎಂದೆಲ್ಲ ಇತ್ತು. ಘೋಷಣೆಯ ಹಿಂದಿನ ದಿನ ಪುರಸಭೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅಭ್ಯಾಸ ನಡೆಯಿತು. ಅಧ್ಯಕ್ಷರು ಅರ್ಥಗಳನ್ನೆಲ್ಲ ಒತ್ತಿ ಒತ್ತಿ ಓದಿದರು. ಗಾಡಿ 'ಜನರೇ' ತಲುಪುವ ಮೊದಲೇ ಕೊಕ್ಕೆಂದಿತು.

ಪಂಡಿತರು ಗಡ್ಡ ನೀವಿಕೊಂಡು, "ಅರ್ಥಭಾರ ಹೆಚ್ಚಾಯ್ತು. ಈ ಗಾಡಿ ಅಷ್ಟು ಅರ್ಥ ತಡ್ಕೊಳ್ಳೋದಿಲ್ಲ" ಎಂದರು.

"ಹಂಗಾದ್ರೆ ಹಳೇದನ್ನೇ ಓದ್ತೀನಿ. ಅದು ಆರು ಹೆಸರಿನವರೆಗಾದ್ರೂ ಹೋಗುತ್ತೆ. ವನದ ಸುದ್ದೀನ ಹೆಸರಿಗಿಂತ ಮುಂಚೆ ಸೇರಿಸಿಬಿಡಿ, ಊರಿಗೆ ಕೇಳಿಸಿದ್ರೆ ಸಾಕು" ಎಂದರು ಅಧ್ಯಕ್ಷರು.

ನಾನು ಪುಟ್ಟಶಾಮಯ್ಯನವರ ಮೇಜಿನ ಹತ್ತಿರ ಹೋಗಿ, ನಾಲ್ಕಾಣೆ ಅಗಲ ಬಣ್ಣ ಕೆರೆಯಲು ಅಪ್ಪಣೆ ಕೊಡಿ ಎಂದು ಬೇಡಿಕೊಂಡೆ. ಅವರು ಕನ್ನಡಕ ಸರಿಪಡಿಸಿಕೊಂಡು, "ಕೊಡಬಹುದಮ್ಮ. ಒಳಗಿನ ಬಣ್ಣ ಹಿಂದಿನ ಅಧ್ಯಕ್ಷರದ್ದು ನೋಡು, ಆರು ಜನರ ಒಪ್ಪಿಗೆ ಪತ್ರ ತಾ" ಎಂದರು.

"ಇಬ್ಬರು ತೀರ್ಕೊಂಡಿದ್ದಾರಲ್ಲ ಸ್ವಾಮಿ?"

"ವಾರಸುದಾರರದ್ದು ತಾ. ವಾರಸು ಅನ್ನೋದನ್ನ ಸರಿಯಾಗಿ ಬರೆಸು, 'ವಾರ್ಸು' ಅಂತ ಬರೆಸ್ಬೇಡ."

ನಾನು ಹೊರಗೆ ಬಂದು ಹದಿಮೂರು ಹೆಜ್ಜೆ ಎಣಿಸಿ, ಪುರಸಭೆಯ ಕಡೆ ತಿರುಗಿ ನಿಂತು ನನಗೆ ಗೊತ್ತಿರುವುದನ್ನೆಲ್ಲ ಅಂದೆ. ಅತ್ತೆಗೆ ದಿನವೂ ಯಾಕೆ ಅಷ್ಟು ಹಗುರಾಗುತ್ತದೆಂದು ಅವತ್ತು ತಿಳಿಯಿತು.

ಘೋಷಣೆಯ ದಿನ ಬೆಳಿಗ್ಗೆ ಗಾಡಿ ತೊಳೆಸಲು ಹೊರಟ ಬಾಷಾ ನನ್ನ ಅಂಗಡಿಯ ಮುಂದೆ ಬ್ರೇಕು ಹಾಕಿದ. "ಅಕ್ಕಾ, ನಾನು ಟೀ ಕುಡ್ದು ಬರ್ತೀನಿ. ಅರ್ಧ ಗಂಟೆ ಆಗುತ್ತೆ. ನಾನೇನೂ ನೋಡಿಲ್ಲ" ಎಂದು ಬೀಗದ ಕೈಯನ್ನು ಗಾಡಿಯಲ್ಲೇ ಬಿಟ್ಟು ಹೋದ.

ಬೋಲ್ಟು ಬಿಚ್ಚಿ ಚಾಕುವಿನಿಂದ ಕೆರೆಯತೊಡಗಿದೆ. ಮೇಲೆ ಗುರುಮಲ್ಲಪ್ಪನವರ ನೇರಳೆ. ಅದರ ಕೆಳಗೆ ಗಿಳಿಹಸಿರು. ಆ ಅಧ್ಯಕ್ಷರು ಮನೆಮನೆಗೆ ನಲ್ಲಿ ತರುತ್ತೇನೆಂದಿದ್ದರು. ಆಮೇಲೆ ಕೇಸರಿಬಾತಿನ ಬಣ್ಣ, ಆಮೇಲೆ ಆಕಾಶನೀಲಿ, ಬೂದಿ, ಮತ್ತೊಂದು ನೀಲಿ, ಗುಲಾಬಿ. ಒಂದೊಂದು ಪದರ ಎದ್ದಾಗಲೂ ಆ ವರ್ಷ ಅತ್ತೆ ಸೀರೆ ಮಡಿಸಿಟ್ಟಿದ್ದು ನೆನಪಾಗಿ ಕೈಗೆ ಸಿಟ್ಟು ಬಂತು. ಕೊನೆಗೆ ಕಬ್ಬಿಣ ಹೊಳೆಯಿತು. ಅದನ್ನು ಯಾರೂ ತಮ್ಮದೆಂದು ಹೇಳಿಕೊಂಡಿರಲಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ವೈರು ಕೂರಿಸಿ, ಬೋಲ್ಟು ಬಿಗಿದೆ. ಮೀಟರು ಸೊನ್ನೆ ತೋರಿಸಿತು.

ಸಂಜೆ ನಾಲ್ಕಕ್ಕೆ ಊರಗಾಡಿ ಕುಲುಮೆ ಬೀದಿಯ ತುದಿಯಲ್ಲಿ ನಿಂತಿತು. ಅಧ್ಯಕ್ಷರು, ಪುಟ್ಟಶಾಮಯ್ಯ ಹಿಂದೆ, ಬಾಷಾ ಮುಂದೆ. ಎಸಿ ಹಾಕಿ ಗಾಜು ಏರಿಸಿದ್ದರು. ಒಳಗೆ ಕೂತವರಿಗೆ ತಮ್ಮ ಮಾತು ಹೊರಗೆ ಹೋಗುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ, ಹಿಂದಿನಿಂದಲೂ ಹಾಗೇ. ಅತ್ತೆ ಮದುವೆಯ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ನಾನು ಅವರ ಪಕ್ಕ ಕಂಬ ಹಿಡಿದು ನಿಂತಿದ್ದೆ.

ಭಾಷಣವಾಯಿತು. ಹೆಸರು ಘೋಷಣೆಯಾಗದ ಮನೆಗಳ ಜಾಗದಲ್ಲಿ ವಿಹಾರವನ ಬರುತ್ತದೆ ಎಂದರು. ಆಮೇಲೆ ಹೆಸರು. ದನಿ ಏರಿತು. ಒಂದು, ಎರಡು, ಮೂರು, ನಾಲ್ಕು. ಐದು. ಆರು. ಬೀದಿಯೆಲ್ಲ 'ಕೊಕ್' ಎಂಬುದಕ್ಕೆ ಕಾಯಿತು.

ಕೊಕ್ ಬರಲಿಲ್ಲ. ಅದರ ಬದಲು ನಾಲ್ಕೂ ಹಾರ್ನುಗಳಿಂದ, ಊರ ನಾಲ್ಕೂ ಮೂಲೆಗೆ, ಅಧ್ಯಕ್ಷರು ಮಜ್ಜಿಗೆ ಗುಟುಕರಿಸುವ ಸದ್ದು ಬಂತು. ಆಮೇಲೆ ಅವರದೇ ದನಿ:

"ನಿಂತಿರುತ್ತೆ ಅಲ್ವೇನ್ರಿ? ಹೋಗೋಣ್ವಾ?"

"ಆರಾಯ್ತಲ್ಲ ಸಾರ್, ನಿಂತಿರುತ್ತೆ" ಎಂದಿತು ಪುಟ್ಟಶಾಮಯ್ಯನವರ ದನಿ.

"ಅಕಸ್ಮಾತ್ ನಿಲ್ಲದೆ ಇದ್ದಿದ್ರೆ ಏಳನೇದು ಏನ್ ಓದ್ಬೇಕಿತ್ತು? ಹಾಳೇಲಿ ಇಲ್ವಲ್ರೀ."

"ಬರ್ದೇ ಇಲ್ಲ ಸಾರ್. ಎಂಟು ವರ್ಷದಿಂದ ಆರಕ್ಕೇ ನಿಲ್ಲುತ್ತೆ. ಸುಮ್ನೆ ಶಾಯಿ ಯಾಕೆ ದಂಡ ಅಂತ."

"ಮಿಕ್ಕಿದೋರ ಹೆಸರೇನು?"

"ಯಾರಿಗ್ಗೊತ್ತು ಸಾರ್."

ಎಂಟು ವರ್ಷ ನಾವು ಗಾಡಿಯನ್ನು ಶಪಿಸಿದ್ದೆವು, ದೈವವನ್ನು ಶಪಿಸಿದ್ದೆವು. ಗಾಡಿ ಚೆನ್ನಾಗಿದ್ದಿದ್ದರೂ ಅದಕ್ಕೆ ಹೇಳಲು ನಮ್ಮ ಹೆಸರೇ ಇರಲಿಲ್ಲ. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

ಆಗ ಹಾರ್ನಿನಲ್ಲಿ ಮೂರನೆಯ ದನಿ ಬಂತು, ಮೆಲ್ಲಗೆ. "ಒಂಬತ್ತನೇ ಮನೆ. ಬಾಷಾ. ಡ್ರೈವರ್." ಅವನು ಮುಂದಿನ ಸೀಟಿನಿಂದ ತಿರುಗಿ, ಸೀಟಿನ ಮೇಲೆ ಬಿದ್ದಿದ್ದ ಮೈಕನ್ನು ಎತ್ತಿಕೊಂಡಿದ್ದ. ಆಮೇಲೆ ಗಾಜು ಇಳಿಸಿದ.

"ಇದು ನಡೆಯುತ್ತೇನ್ರೀ?" ಎಂದರು ಅಧ್ಯಕ್ಷರು. ಅದೂ ಊರಿಗೆಲ್ಲ ಕೇಳಿಸಿತು.

ಪುಟ್ಟಶಾಮಯ್ಯನವರ ಕೈ ಆಗಲೇ ಅಭ್ಯಾಸಬಲದಿಂದ ಪುಸ್ತಕದಲ್ಲಿ ಬರೆಯುತ್ತಿತ್ತು. "ಊಟದ ಹೊತ್ತೂ ಹೀಗೇ ಕಾನೂನಾಗಿದ್ದು ಸಾರ್. ಆರಿಸೋ ಹಾಗೂ ಇಲ್ಲ" ಎಂದರು ಅಳುದನಿಯಲ್ಲಿ.

ಬೀದಿಯವರು ಒಬ್ಬೊಬ್ಬರಾಗಿ ಗಾಜಿನ ಹತ್ತಿರ ಹೋದರು. ಯಾರೂ ನೂಕಾಡಲಿಲ್ಲ. ಮನೆ ನಂಬರು ಹೇಳಿ, ಹೆಸರು ಹೇಳಿ, ಮೈಕನ್ನು ಹಿಂದಿನವರಿಗೆ ಕೊಟ್ಟರು. ಕೆಲವರು ತಮ್ಮ ಹೆಸರು ಅಷ್ಟು ದೊಡ್ಡದಾಗಿ ಕೇಳಿ ತಾವೇ ಬೆಚ್ಚಿಬಿದ್ದರು. ಎಲ್ಲರದ್ದೂ ಆದ ಮೇಲೆ ಅತ್ತೆ ಜಗಲಿ ಇಳಿದು ಹೋದರು. ನಾನು ಹಿಂದೆ ಹೋದೆ.

"ಇಲ್ಲೇ ಮಾತಾಡ್ಬೇಕೇನೇ?" ಎಂದು ಅವರು ನನ್ನನ್ನು ಕೇಳಿದ್ದನ್ನು ಊರೆಲ್ಲ ಕೇಳಿತು. ಪುಟ್ಟಶಾಮಯ್ಯ ಅದನ್ನೂ ಬರೆದುಕೊಂಡರು.

"ಇಪ್ಪತ್ತಮೂರನೇ ಮನೆ. ದ್ಯಾವಮ್ಮ."

"ದೇವಮ್ಮ ಅಂತ ಅಲ್ವಾ ಶುದ್ಧರೂಪ?" ಎಂದರು ಪುಟ್ಟಶಾಮಯ್ಯ.

"ದ್ಯಾವಮ್ಮ ಅಂತ್ಲೇ ಬರಿ. ನಮ್ಮ ಹೆಸರು ತಿದ್ದೋಕೆ ಬರ್ಬೇಡ" ಎಂದರು ಅತ್ತೆ. ಅದೂ ಕಾನೂನಾಯಿತು. ಪುಟ್ಟಶಾಮಯ್ಯನವರ ಕೆಂಪು ಶಾಯಿಗೆ ಕುಲುಮೆ ಬೀದಿಯಲ್ಲಿ ಇನ್ನು ಕೆಲಸವಿಲ್ಲ.

ಅತ್ತೆ ಮೈಕು ವಾಪಸು ಕೊಡಲು ಹೋಗಿ, ಮತ್ತೆ ಬಾಯಿಗೆ ಹಿಡಿದರು. "ಇನ್ನೊಂದು ಹೆಸರು ಬರ್ಕೊ. ಸಾಕಮ್ಮ. ನನ್ನ ಸೊಸೆ. ಮನೆ ಇಬ್ಬರದೂ. ನಾನು ಹೋದ್ಮೇಲೆ ಯಾರೂ ಅವಳನ್ನ ಅಲ್ಲಿಂದ ಏಳು ಅನ್ನಂಗಿಲ್ಲ."

ನಾಲ್ಕು ಹಾರ್ನಿನಿಂದ ಅದು ಊರಿನ ಮೇಲೆ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಹನ್ನೆರಡು ಹೆಜ್ಜೆಯೊಳಗೆ ನಿಂತು ಅವರು ನನಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ, ನಾನೂ ಆಡಿರಲಿಲ್ಲ. ನಾನು ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ. ಅದು ಮೈಕಿಗೆ ಬಿತ್ತೋ, ಪುಸ್ತಕಕ್ಕೆ ಸೇರಿತೋ, ವಿಚಾರಿಸಲು ಹೋಗಲಿಲ್ಲ.

ಮನೆಗೆ ಬಂದು ನಾನು ಒಲೆ ಹಚ್ಚಿದೆ. ಅತ್ತೆ ಸೀರೆ ಬದಲಾಯಿಸದೆ ಸೀದಾ ಹಿತ್ತಿಲಿಗೆ ಹೋದರು. ನುಗ್ಗೆಮರದ ಬುಡದಲ್ಲಿ ನಿಂತು, ಸೆರಗು ಸಿಕ್ಕಿಸಿಕೊಂಡು, ನನ್ನ ಕಡೆ ತಿರುಗಿ ಬಾಯಾಡಿಸತೊಡಗಿದರು. ಈ ಸಲ ಏನನ್ನುತ್ತಾರೋ ಕೇಳೋಣವೆಂದು ನಾನು ತಟ್ಟೆ ಕೆಳಗಿಟ್ಟು ಹೊಸಿಲು ದಾಟಿ ಒಂದು ಹೆಜ್ಜೆ ಮುಂದೆ ಹೋದೆ. ಅವರು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.